ಉಪ್ಪು ಎಲ್ಲಿಂದ ಬಂತು ಅಂತ ಮೊದಲು ಕೇಳಿ

ಪ್ರಶ್ನೆ: ನಾವು ಅಮೆರಿಕದಲ್ಲಿ ಡಲ್ಲಾಸ್ ಹತ್ತಿರ ಇದ್ದೇವೆ. ಮುಂದಿನ ಶನಿವಾರ ಮಗಳಿಗೆ 14 ತುಂಬುತ್ತದೆ. ಮನೆ ಹತ್ತಿರದ ಥಾಯ್-ಜಪಾನೀಸ್ ಫ್ಯೂಷನ್ ಹೋಟೆಲಿಗೇ ಹೋಗಬೇಕು ಅಂತ ಅವಳ ಹಟ. ಅನ್ನದ ಮೇಲೆ ಹಸಿ ಮೀನಿಡುವ ಆ ಜಪಾನೀ ಸುಶಿ ಅಂದರೆ ಅವಳಿಗೆ ಪ್ರಾಣ. ನಮ್ಮ ಯಜಮಾನರು ಕುಂದಾಪುರದವರು. ಮೀನು ಬೇಕೇ ಬೇಕು, ಆದರೆ ಹಸಿ ಮೀನು ಅಂದರೆ ಮೂಗು ಮುರಿಯುತ್ತಾರೆ. ಮೈಸೂರಿನಿಂದ ಅಮ್ಮ ಬಂದಿದ್ದಾರೆ, ಅವರು ಮೊಟ್ಟೆಯನ್ನೂ ಮುಟ್ಟುವುದಿಲ್ಲ. ನಾನು ಮೊಟ್ಟೆ ತನಕ. ಮೆನು ನೋಡಿದರೆ 12 ಪುಟ ಇದೆ. ಏನು ತರಿಸಬೇಕು, ಯಾವುದನ್ನು ಮೊದಲು ತಿನ್ನಬೇಕು, ಅಮ್ಮನಿಗೆ ಏನು ಕೊಡಿಸಬೇಕು? ಹಸಿ ಮೀನಿನಿಂದ ಮಗಳಿಗೆ ತೊಂದರೆ ಆಗಲ್ಲ ಅಲ್ವಾ?

ಉತ್ತರ: ನಾಲ್ಕು ಜನ, ನಾಲ್ಕು ಪಥ್ಯ, ಒಂದು ಮೆನು. ಇಂಥ ಟೇಬಲ್ ನನಗೆ ಹೊಸದಲ್ಲ. ಇಂಥದ್ದೇ ಹೋಟೆಲೊಂದರ ಅಡುಗೆಮನೆಯಲ್ಲಿ ಆರು ವರ್ಷ ಬೆಂಕಿ ಮುಂದೆ ನಿಂತವನು ನಾನು. ಮೆನು ಸ್ವಲ್ಪ ಪಕ್ಕಕ್ಕಿಡಿ. ಮೊದಲು ಹೋಟೆಲಿನ ಒಳಗೆ ಹೋಗಿ ಬರೋಣ.

ಬೋರ್ಡಿನ ಮೇಲೆ ಫ್ಯೂಷನ್ ಅಂತ ಬರೆದಿರುತ್ತದೆ. ಒಳಗೆ ಹೋದರೆ ಒಂದೇ ಸೂರಿನಡಿ ಎರಡು ಬೇರೆ ಬೇರೆ ಅಡುಗೆಮನೆ. ಮುಂದೆ ಗಾಜಿನ ಪೆಟ್ಟಿಗೆ, ಅದರ ಹಿಂದೆ ಉದ್ದ ಚಾಕು ಹಿಡಿದ ಸುಶಿಯವರು. ಅಲ್ಲಿ ಒಲೆ ಬೇಡ, ಹೊಗೆ ಇಲ್ಲ. ಹಿಂದಿನ ಕೋಣೆಯಲ್ಲಿ ವಾಕ್ ಅನ್ನುವ ದೊಡ್ಡ ಬಾಣಲೆ, ದೊಡ್ಡ ಉರಿ, ಕೂಗಾಟ. ಥಾಯ್ ಹೋಟೆಲ್ ನಡೆಸುವವರಿಗೆ ಮುಂದೆ ಒಂದು ಸುಶಿ ಕೌಂಟರ್ ಸೇರಿಸುವುದು ಕಷ್ಟದ ಕೆಲಸವಲ್ಲ. ಒಂದೇ ಮನೆಯಲ್ಲಿ ಒಬ್ಬರಿಗೆ ಸುಶಿ, ಇನ್ನೊಬ್ಬರಿಗೆ ಕರಿ ಬೇಕಾದರೆ ಇಬ್ಬರೂ ಅಲ್ಲಿಗೇ ಬರುತ್ತಾರೆ. ನಿಮ್ಮ ಮನೆಯೇ ಇದಕ್ಕೆ ಸಾಕ್ಷಿ.

ಎರಡೂ ಅಡುಗೆಮನೆಗಳಲ್ಲಿ ಒಂದು ವಿಷಯ ಮಾತ್ರ ಸಮ. ಉಪ್ಪು ಬಹುಪಾಲು ಬರುವುದು ಉಪ್ಪಿನ ಡಬ್ಬಿಯಿಂದಲ್ಲ. ಥಾಯ್ ಕಡೆ ಉಪ್ಪು ಅಂದರೆ ನಾಮ್ ಪ್ಲಾ. ನಾಮ್ ಅಂದರೆ ನೀರು, ಪ್ಲಾ ಅಂದರೆ ಮೀನು. ಆಂಚೊವಿ ಎಂಬ ಸಣ್ಣ ಮೀನಿಗೆ ಉಪ್ಪು ಬೆರೆಸಿ ತೊಟ್ಟಿಯಲ್ಲಿ 12ರಿಂದ 18 ತಿಂಗಳು ಹಾಗೇ ಬಿಡುತ್ತಾರೆ. ಕೊನೆಗೆ ಸೋರುವ ಜೇನುಬಣ್ಣದ ನೀರೇ ಫಿಶ್ ಸಾಸ್. ಬಾಟಲಿ ಮುಚ್ಚಳ ತೆಗೆದರೆ ಮೂಗು ಮುಚ್ಚಿಕೊಳ್ಳಬೇಕು. ಬಿಸಿ ವಾಕಿಗೆ ಒಂದು ಚಮಚ ಬಿದ್ದರೆ ವಾಸನೆ ಹಾರಿಹೋಗಿ ರುಚಿ ಮಾತ್ರ ಉಳಿಯುತ್ತದೆ.

ಜಪಾನಿನವರ ಕಡೆ ಉಪ್ಪು ಸೋಯಾ ಸಾಸಿನಿಂದ ಬರುತ್ತದೆ. ಅದಕ್ಕೆ ಬೆನ್ನೆಲುಬಾಗಿ ದಾಶಿ ಇರುತ್ತದೆ. ದಾಶಿ ಅಂದರೆ ಅವರ ಸಾರಿನ ಕಟ್ಟು ಅಂದುಕೊಳ್ಳಿ. ಕೊಂಬು ಮತ್ತು ಕಾತ್ಸುವೊಬುಶಿ ಹಾಕಿ ಮಾಡುತ್ತಾರೆ. ಕೊಂಬು ಅಂದರೆ ಹಸುವಿನ ಕೊಂಬಲ್ಲ, ಒಣಗಿಸಿದ ಸಮುದ್ರದ ಪಾಚಿ. ಕಾತ್ಸುವೊಬುಶಿ ಅಂದರೆ ಬೇಯಿಸಿ, ಹೊಗೆ ಕೊಟ್ಟು, ಕಟ್ಟಿಗೆಯಷ್ಟು ಗಟ್ಟಿಯಾಗುವ ತನಕ ಒಣಗಿಸಿದ ಮೀನು. ನಿಮ್ಮ ಯಜಮಾನರು ಲಕ್ಷದ್ವೀಪದ ಮಾಸ್ ಎಂಬ ಒಣಮೀನು ನೋಡಿದ್ದರೆ ಕೂಡಲೇ ಗುರುತು ಹಿಡಿಯುತ್ತಾರೆ. ಎರಡೂ ಸೂರೆ, ಅಂದರೆ ಟ್ಯೂನಾ ಮೀನಿನ ಬಳಗದವೇ. ಜಪಾನಿನವರು ಅದನ್ನು ಮರಗೆಲಸದ ಉಜ್ಜುಗೊರಡಿನಂಥ ಪೆಟ್ಟಿಗೆಯ ಮೇಲೆ ಉಜ್ಜಿ, ಕಾಗದದಷ್ಟು ತೆಳ್ಳಗಿನ ಚಕ್ಕೆ ತೆಗೆಯುತ್ತಾರೆ.

1908ರಲ್ಲಿ ಟೋಕಿಯೋದ ರಸಾಯನ ವಿಜ್ಞಾನಿ ಕಿಕುನಾಯೆ ಇಕೇಡಾ ಈ ಕೊಂಬಿನ ನೀರಿನಲ್ಲಿ ಏನಿದೆ ಅಂತ ಹುಡುಕಿ ಗ್ಲುಟಮೇಟ್ ಬೇರ್ಪಡಿಸಿದರು. ಆ ರುಚಿಗೆ ಉಮಾಮಿ ಅಂತ ಹೆಸರಿಟ್ಟವರೂ ಅವರೇ. ಮರುವರ್ಷ ಅದು ಪುಡಿಯಾಗಿ ಅಂಗಡಿಗೆ ಬಂತು, ಅಜಿನೊಮೊಟೊ ಅಂತ. ನಮ್ಮೂರ ಗೋಬಿ ಮಂಚೂರಿ ಗಾಡಿಯ ಟೇಸ್ಟಿಂಗ್ ಪೌಡರ್ ಅದೇ. 1960ರಲ್ಲಿ ಆ ಕಂಪನಿ ಥಾಯ್ಲೆಂಡಿನಲ್ಲೂ ನೆಲೆಯೂರಿತು. ಹೀಗಾಗಿ ಜಪಾನ್ ಮತ್ತು ಥಾಯ್ ಅಡುಗೆ ಬೆರೆತಿದ್ದು ನಿಮ್ಮ ಹೋಟೆಲಿನ ಬೋರ್ಡ್ ಬರೆಯುವುದಕ್ಕೆ ಎಷ್ಟೋ ಮುಂಚೆ.

ಈಗ ಅಮ್ಮನ ವಿಷಯ. ನಿಮ್ಮ ಪ್ರಶ್ನೆಯಲ್ಲಿ ನಿಜವಾಗಿ ಕಷ್ಟದ ಭಾಗ ಇದೊಂದೇ. ಮೆನುವಿನಲ್ಲಿ ಎಲೆಯ ಗುರುತು ಇದ್ದರೆ ನಂಬಬೇಡಿ. ಅದರ ಅರ್ಥ ಅನೇಕ ಕಡೆ ಮೇಲೆ ಕೋಳಿ ಬದಲು ಟೋಫು ಅನ್ನುವ ಸೋಯಾ ಪನೀರ್ ಹಾಕಿದ್ದೇವೆ ಅಂತ, ಅಷ್ಟೇ.

ನನ್ನ ಕೈಯಿಂದಲೇ ಆದ ತಪ್ಪು ಹೇಳುತ್ತೇನೆ. ಒಂದು ಸಂಜೆ ಟೋಫು ಗ್ರೀನ್ ಕರಿಗೆ ಚೀಟಿ ಬಂತು. ಸಸ್ಯಾಹಾರಿ, ಫಿಶ್ ಸಾಸ್ ಬೇಡ ಅಂತ ಕೆಂಪು ಪೆನ್ನಿನಲ್ಲಿ ಬರೆದಿತ್ತು. ನಾನು ಹಾಕಲಿಲ್ಲ. ಸೋಯಾ ಸಾಸ್ ಹಾಕಿ ಕಳಿಸಿದೆ, ಒಳ್ಳೆಯ ಕೆಲಸ ಮಾಡಿದೆ ಅಂದುಕೊಂಡೆ. ಊಟ ಮುಗಿದ ಮೇಲೆ ಒಬ್ಬ ಹುಡುಗ ಅಡುಗೆಮನೆ ಬಾಗಿಲಿಗೆ ಬಂದ. ಅಜ್ಜಿಗೆ ತುಂಬಾ ಇಷ್ಟ ಆಯ್ತು, ಆ ಹಸಿರು ಪೇಸ್ಟಿನಲ್ಲಿ ಏನೇನು ಇರುತ್ತೆ, ಮನೆಯಲ್ಲಿ ಮಾಡಬೇಕು ಅಂದ. ಡಬ್ಬಿ ತಿರುಗಿಸಿ ಓದಿ ಹೇಳಲು ಹೋದೆ. ಹಸಿಮೆಣಸು, ಬೆಳ್ಳುಳ್ಳಿ, ನಿಂಬೆಹುಲ್ಲು, ಆಮೇಲೆ ಸಿಗಡಿ. ನಾನು ಸುಮ್ಮನಾದೆ. ಹುಡುಗನೂ ಓದಿದ್ದ. ಎಷ್ಟೋ ತಿಂಗಳಿಂದ ಅದೇ ಡಬ್ಬಿಯಿಂದ ಸೌಟು ಸೌಟು ತೆಗೆದಿದ್ದೆ, ಒಂದು ದಿನವೂ ಓದಿರಲಿಲ್ಲ.

ಥಾಯ್ ಕರಿ ಪೇಸ್ಟಿಗೆ ಕಪಿ ಹಾಕುವುದು ಪದ್ಧತಿ. ಕಪಿ ಅಂದರೆ ಉಪ್ಪು ಹಾಕಿ ಹುಳಿಸಿ ಅರೆದ ಸಣ್ಣ ಸಿಗಡಿ. ಕರಾವಳಿಯ ಒಣ ಸಿಗಡಿ ಚಟ್ನಿ ಗೊತ್ತಿರುವವರಿಗೆ ವಾಸನೆ ಊಹಿಸುವುದು ಸುಲಭ. ಹಸಿರು, ಕೆಂಪು, ಪನಾಂಗ್, ಯಾವ ಹೆಸರಿದ್ದರೂ ಪೇಸ್ಟಿನಲ್ಲಿ ಅದು ಇರಬಹುದು. ಕೆಲವು ಕಂಪನಿಗಳ ಡಬ್ಬಿಗಳಲ್ಲಿ ಇರುವುದಿಲ್ಲ. ಅದಕ್ಕೇ ಬಾಯಿಮಾತು ಸಾಲದು, ದಯವಿಟ್ಟು ಡಬ್ಬಿ ತಂದು ತೋರಿಸಿ ಅಂತ ಕೇಳಿ. ಯಾರೂ ತಪ್ಪು ತಿಳಿಯುವುದಿಲ್ಲ. ಅಲರ್ಜಿ ಇರುವವರು ದಿನಾ ಕೇಳುತ್ತಾರೆ.

ಇನ್ನೊಂದು ಒಳಗಿನ ವಿಷಯ. ಪಾಡ್ ಥಾಯ್ ಅನ್ನುವ ಹುರಿದ ನೂಡಲ್ಸಿನ ಸಾಸನ್ನು ಯಾರೂ ತಟ್ಟೆ ತಟ್ಟೆಗೂ ಬೆರೆಸುತ್ತಾ ಕೂರುವುದಿಲ್ಲ. ಹುಣಸೆಹಣ್ಣು, ತಾಳೆಬೆಲ್ಲ, ಫಿಶ್ ಸಾಸ್ ಮೂರನ್ನೂ ಬೆಳಗ್ಗೆಯೇ ಕುದಿಸಿ ಬಕೆಟ್ಟಿಗೆ ತುಂಬಿಡುತ್ತೇವೆ. ಸಂಜೆ ಏಳಕ್ಕೆ ನೀವು ಫಿಶ್ ಸಾಸ್ ಹಾಕಬೇಡಿ ಅಂದರೆ ಅದನ್ನು ಬಕೆಟ್ಟಿನಿಂದ ಹೊರಗೆ ತೆಗೆಯುವುದು ಹೇಗೆ? ಬಡಿಸುವ ಹುಡುಗ ತಲೆಯಾಡಿಸಿ ಹೋಗುತ್ತಾನೆ, ಅಷ್ಟೇ. ಹಾಗಾಗಿ ಶನಿವಾರ ರಾತ್ರಿ ಅಲ್ಲಿ ಹೋಗಿ ಕೇಳಬೇಡಿ. ಶುಕ್ರವಾರ ಮಧ್ಯಾಹ್ನ ಮೂರರ ಹೊತ್ತಿಗೆ ಫೋನ್ ಮಾಡಿ. ಆಗ ಅಡುಗೆಯವರಿಗೆ ಬಿಡುವು ಇರುತ್ತದೆ. ಫಿಶ್ ಸಾಸ್, ಆಯ್ಸ್ಟರ್ ಸಾಸ್, ಶ್ರಿಂಪ್ ಪೇಸ್ಟ್, ದಾಶಿ, ಮೊಟ್ಟೆ, ಈ ಐದೂ ಇಲ್ಲದೆ ಏನು ಮಾಡಿಕೊಡುತ್ತೀರಿ ಅಂತ ಕೇಳಿ. ಇದು ವೆಜ್ಜಾ ಅಂತ ಕೇಳಿದರೆ ಉತ್ತರ ಹೌದು ಅಂತಲೇ ಬರುತ್ತದೆ.

ಅಡುಗೆಯವರು ಥಾಯ್ ಜನ ಆಗಿದ್ದರೆ ಇನ್ನೂ ಸುಲಭ. ಅಮ್ಮನನ್ನು ತೋರಿಸಿ ಕಿನ್ ಜೇ ಅನ್ನಿ. ಜೇ ಊಟ ಮಾಡುವವರು ಅಂತ ಅರ್ಥ. ಥಾಯ್ಲೆಂಡಿನ ಫುಕೆಟ್‌ನಲ್ಲಿ ವರ್ಷಕ್ಕೊಮ್ಮೆ ಒಂಬತ್ತು ದಿನ ಜೇ ಹಬ್ಬ ನಡೆಯುತ್ತದೆ. ಆಗ ಊರೆಲ್ಲಾ ಹಳದಿ ಬಾವುಟ. ಜೇ ಅಂದರೆ ಮಾಂಸ, ಮೀನು, ಮೊಟ್ಟೆ, ಹಾಲು ಮಾತ್ರವಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ನಮ್ಮ ಮಠದ ಊಟಕ್ಕಿಂತ ಏನೂ ಕಡಿಮೆ ಇಲ್ಲ ನೋಡಿ. ಬರೀ ಸಸ್ಯಾಹಾರಕ್ಕೆ ಥಾಯ್ ಭಾಷೆಯಲ್ಲಿ ಇನ್ನೊಂದು ಪದ ಇದೆ, ಮಂಗ್ಸವಿರತ್. ಬಿಡಿಸಿದರೆ ಮಾಂಸ, ವಿರತಿ. ಅಮ್ಮನಿಗೆ ಹೇಳಿ, ಖುಷಿಪಡುತ್ತಾರೆ.

ಜಪಾನೀಸ್ ಕಡೆ ಅಮ್ಮನಿಗೆ ಸೌತೆಕಾಯಿ ರೋಲ್, ಆವಕಾಡೊ ರೋಲ್, ಉಪ್ಪು ಹಾಕಿ ಬೇಯಿಸಿದ ಎಡಮಾಮೆ ಧಾರಾಳವಾಗಿ ಕೊಡಿಸಿ. ಎಡಮಾಮೆ ಎಳೆ ಸೋಯಾ ಕಾಯಿ. ಅವರೆಕಾಯಿ ಸುಲಿದು ತಿಂದ ಕೈಗೆ ಅದನ್ನು ಹೇಳಿಕೊಡಬೇಕಾಗಿಲ್ಲ. ಮಿಸೊ ಸೂಪ್ ಬೇಡ, ಅದರಲ್ಲಿ ದಾಶಿ ಇರುತ್ತದೆ. ಕೆಲವು ಊಟದ ಜೊತೆ ಅದನ್ನು ಕೇಳದೆಯೇ ತಂದಿಡುತ್ತಾರೆ, ನೋಡಿಕೊಳ್ಳಿ. ಕಾನ್‌ಪ್ಯೊ ರೋಲ್ ಒಳಗಿರುವುದು ನಮ್ಮ ಸೋರೆಕಾಯಿಯೇ, ಎಳೆ ಎಳೆಯಾಗಿ ಒಣಗಿಸಿದ್ದು. ಆದರೆ ಅದನ್ನು ಮತ್ತೆ ಬೇಯಿಸುವಾಗ ದಾಶಿ ಹಾಕುವುದುಂಟು. ಇನಾರಿ ಎಂಬ ಟೋಫು ಚೀಲದ ಕಥೆಯೂ ಅದೇ. ತರಕಾರಿ ತೆಂಪುರದ ಹಿಟ್ಟಿಗೆ ಮೊಟ್ಟೆ ಹಾಕುವ ರೂಢಿ ಇದೆ, ಅದ್ದಿಕೊಳ್ಳುವ ತಿಳಿ ಸಾಸಿನಲ್ಲಿ ದಾಶಿ ಇರುತ್ತದೆ, ಕರಿಯುವ ಎಣ್ಣೆಯೂ ಸಿಗಡಿ ಕರಿದದ್ದೇ ಇರಬಹುದು. ತೆರಿಯಾಕಿ ಸಾಸಿನಲ್ಲಿ ಮಿರಿನ್ ಇರುತ್ತದೆ, ಅದು ಅಕ್ಕಿಯ ಮದ್ಯ. ಇಷ್ಟೆಲ್ಲಾ ಕೇಳಿ ಅಮ್ಮ ಮನೆಯಲ್ಲೇ ಮೊಸರನ್ನ ತಿಂತೀನಿ ಅಂದರೆ ಅವರನ್ನು ಬಯ್ಯಬೇಡಿ. ಆದರೆ ಬಿಡಲೂ ಬೇಡಿ. ಥಾಯ್ ಕಡೆಯಿಂದ ಬರೀ ಸೋಯಾ ಸಾಸ್ ಹಾಕಿದ ತರಕಾರಿ ಟೋಫು ಫ್ರೈಡ್ ರೈಸ್ ಅಥವಾ ಅಗಲ ಅಕ್ಕಿ ನೂಡಲ್ಸ್, ಮೊಟ್ಟೆ ಬಿಟ್ಟು ಮಾಡಿಸಿ. ಅದನ್ನು ಬಹುಪಾಲು ಕಡೆ ಮಾಡಿಕೊಡುತ್ತಾರೆ.

ಮಾಂಸ ಮೀನು ಇಲ್ಲದೆ ಅಡುಗೆಯಲ್ಲಿ ಆ ಆಳ ಬರುತ್ತದಾ ಅಂತ ಕೇಳಬಹುದು. ಬರುತ್ತದೆ. ಜಪಾನಿನ ಬೌದ್ಧ ಗುಡಿಗಳ ಅಡುಗೆಯಲ್ಲಿ ಕೊಂಬಿನ ಜೊತೆ ಒಣ ಶಿಟಾಕೆ ಅಣಬೆ ಹಾಕಿ ದಾಶಿ ತೆಗೆಯುತ್ತಾರೆ. ನಿಮ್ಮ ಹೋಟೆಲಿನವರು ಅದನ್ನು ಮಾಡುತ್ತಾರೆ ಅಂದರೆ ಕಣ್ಣು ಮುಚ್ಚಿ ಉದೊನ್ ಎಂಬ ಗೋಧಿ ನೂಡಲ್ಸಿನ ಸೂಪ್ ತರಿಸಿ.

ಹಸಿ ಮೀನಿಗೆ ಬರುತ್ತೇನೆ. ಅಮೆರಿಕದ ಆಹಾರ ನಿಯಮದ ಪ್ರಕಾರ ಹಸಿಯಾಗಿ ಬಡಿಸುವ ಮೀನನ್ನು ಮೈನಸ್ 20 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಏಳು ದಿನ, ಅಥವಾ ಮೈನಸ್ 35 ಡಿಗ್ರಿಯಲ್ಲಿ 15 ಗಂಟೆ ಗಡ್ಡೆ ಕಟ್ಟಿಸಿ ಇಟ್ಟಿರಬೇಕು. ಟ್ಯೂನಾದ ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ಇದರಿಂದ ಮೀನಿನ ಹುಳ ಸಾಯುತ್ತದೆ. ಬ್ಯಾಕ್ಟೀರಿಯಾ ಸಾಯುವುದಿಲ್ಲ, ಅದಕ್ಕೆ ತಣ್ಣಗಿಡುವುದೊಂದೇ ದಾರಿ. ಹಾಗಾಗಿ ಸುಶಿ ಗ್ರೇಡ್ ಅನ್ನುವ ಚೀಟಿಗಿಂತ ನಿಮ್ಮ ಕಣ್ಣು ಮೂಗು ಜಾಸ್ತಿ ನಂಬಿಕೆಗೆ ಅರ್ಹ. ಆ ಮಾತಿಗೆ ಅಲ್ಲಿ ಕಾನೂನಿನ ಅರ್ಥವೇ ಇಲ್ಲ. ಗಾಜಿನ ಪೆಟ್ಟಿಗೆ ಹತ್ತಿರ ನಿಂತಾಗ ಸಮುದ್ರದ ಗಾಳಿಯಷ್ಟೇ ವಾಸನೆ ಬರಬೇಕು, ಮೀನು ಮಾರ್ಕೆಟ್ಟಿನದ್ದಲ್ಲ. ಕುಂದಾಪುರದವರು ಮನೆಯಲ್ಲಿರುವಾಗ ನಿಮಗೆ ಬೇರೆ ಪರೀಕ್ಷಕರು ಯಾಕೆ? ಅವರನ್ನೇ ಮುಂದೆ ಕಳಿಸಿ. ಆರೋಗ್ಯವಾಗಿರುವ 14ರ ಹುಡುಗಿ ಜನ ತುಂಬಿರುವ, ಚೊಕ್ಕಟವಾದ ಜಾಗದಲ್ಲಿ ತಿಂದರೆ ಹೆದರುವಂಥದ್ದೇನಿಲ್ಲ. ಬಸುರಿಯರು, ರೋಗನಿರೋಧಕ ಶಕ್ತಿ ಕಡಿಮೆ ಇರುವವರು ಬಿಡಬೇಕು.

ಯಜಮಾನರಿಗೆ ಉನಾಗಿ ಕೊಡಿಸಿ. ಅದು ಹಾವುಮೀನು, ಸಿಹಿ ಸೋಯಾ ಸಾಸ್ ಸವರಿ ಸುಟ್ಟಿರುತ್ತಾರೆ, ಹಸಿ ಅಲ್ಲ. ಎಬಿ ಅಂದರೆ ಸಿಗಡಿ, ಅದೂ ಸಾಮಾನ್ಯವಾಗಿ ಬೆಂದಿರುತ್ತದೆ. ಆದರೆ ಅವರ ನಿಜವಾದ ಊಟ ಹಿಂದಿನ ಅಡುಗೆಮನೆಯಲ್ಲಿದೆ. ಚೂ ಚೀ ಅಂತ ಒಂದು ಕರಿ ಇದೆ. ಕೆಂಪು ಪೇಸ್ಟನ್ನು ಗಟ್ಟಿ ತೆಂಗಿನಹಾಲಿನಲ್ಲಿ ಎಣ್ಣೆ ಬಿಡುವ ತನಕ ಹುರಿದು, ಮೀನಿನ ಮೇಲೆ ಸುರಿದು, ಮಕ್ರುಟ್ ನಿಂಬೆಯ ಎಲೆ ಕೂದಲೆಳೆಯಷ್ಟು ಸಣ್ಣಗೆ ಹೆಚ್ಚಿ ಉದುರಿಸುತ್ತಾರೆ. ತೆಂಗು, ಮೆಣಸು, ಮೀನು. ಕುಂದಾಪುರದವರಿಗೆ ಇನ್ನೇನು ಬೇಕು? ಖಾರ ಎಷ್ಟು ಅಂತ ಒಂದರಿಂದ ಐದರ ತನಕ ಕೇಳುತ್ತಾರೆ. ಮೊದಲ ಸಲಕ್ಕೆ ಮೂರು ಸಾಕು. ನಾವು ಖಾರದ ಜನ ಅನ್ನುವ ಜಂಬದಲ್ಲಿ ಐದು ಹೇಳಿ ಬೆವರು ಒರೆಸಿಕೊಂಡವರನ್ನು ಬಹಳ ನೋಡಿದ್ದೇನೆ. ಅವರ ಸಣ್ಣ ಮೆಣಸಿನಕಾಯಿ ನಮ್ಮ ಸೂಜಿಮೆಣಸಿನ ಜಾತಿಯದು.

ಟಾಮ್ ಯಮ್ ಎಂಬ ಹುಳಿ ಖಾರದ ಸೂಪ್ ತರಿಸಿದರೆ ಒಂದು ಮಾತು. ಅದರಲ್ಲಿ ತೇಲುವ ನಿಂಬೆಹುಲ್ಲಿನ ಕಡ್ಡಿ, ದುಂಪರಾಸ್ಮೆಯ ಬಿಲ್ಲೆ, ಎಲೆ ಇವು ತಿನ್ನಲಿಕ್ಕಲ್ಲ. ಪಲಾವಿನ ಚಕ್ಕೆ ಲವಂಗದ ಹಾಗೆ ಪಕ್ಕಕ್ಕಿಡಿ. ದುಂಪರಾಸ್ಮೆ ಅಂದರೆ ನಮ್ಮ ಗ್ರಂದಿಗೆ ಅಂಗಡಿಯಲ್ಲಿ ಸಿಗುವುದೇ, ಅವರು ಹಸಿಯಾಗಿ ಬಳಸುತ್ತಾರೆ. ಹಾಗೇ ಅವರ ಹೊರಪಾ ಎಲೆ ಕಾಮಕಸ್ತೂರಿ ಜಾತಿ, ಕ್ರಪಾವ್ ಎಲೆ ನಮ್ಮ ತುಳಸಿ ಜಾತಿ. ತುಳಸಿ ಹಾಕಿ ಹಂದಿಮಾಂಸ ಹುರಿಯುತ್ತಾರೆ ಅಂತ ಅಮ್ಮನ ಹತ್ತಿರ ಮಾತ್ರ ಹೇಳಬೇಡಿ.

ಯಾವುದು ಮೊದಲು? ಸುಶಿ ಮೊದಲು, ಥಾಯ್ ಆಮೇಲೆ. ಸುಶಿಯ ರುಚಿ ಮೆಲ್ಲಗೆ ಮಾತಾಡುವಂಥದ್ದು. ಹುಣಸೆ, ಮೆಣಸು, ಬೆಳ್ಳುಳ್ಳಿ ತಿಂದ ನಾಲಿಗೆಗೆ ಅದು ಕೇಳಿಸುವುದಿಲ್ಲ. ಆದರೆ ಸುಮ್ನೆ ಆರ್ಡರ್ ಕೊಟ್ಟರೆ ಆಗುವುದು ಉಲ್ಟಾ. ವಾಕಿನಲ್ಲಿ ನೂಡಲ್ಸ್ ನಾಲ್ಕೈದು ನಿಮಿಷದ ಕೆಲಸ. ಶನಿವಾರ ರಾತ್ರಿ ಸುಶಿಯವರ ಮುಂದೆ ಚೀಟಿಗಳ ಸಾಲು ಇರುತ್ತದೆ. ಹಾಗಾಗಿ ಕರಿ ಮೊದಲು ಬರುತ್ತದೆ, ಸುಶಿ ಬರುವಷ್ಟರಲ್ಲಿ ಎಲ್ಲರ ನಾಲಿಗೆ ಉರಿಯುತ್ತಿರುತ್ತದೆ. ಇದಕ್ಕೆ ಸುಲಭ ಉಪಾಯ: ಸುಶಿ ಮಾತ್ರ ಮೊದಲು ಆರ್ಡರ್ ಕೊಡಿ. ತಟ್ಟೆ ಟೇಬಲಿಗೆ ಬಂದ ಮೇಲೆ ಥಾಯ್ ಹೇಳಿ.

ಮಗಳಿಗೆ ಗೊತ್ತಿರಬಹುದು, ಆದರೂ ಹೇಳುತ್ತೇನೆ. ನಿಗಿರಿಯನ್ನು, ಅಂದರೆ ಅನ್ನದ ಉಂಡೆಯ ಮೇಲೆ ಮೀನಿಟ್ಟ ಸುಶಿಯನ್ನು, ತಿರುಗಿಸಿ ಮೀನಿನ ಕಡೆಯನ್ನು ಸೋಯಾ ಸಾಸಿಗೆ ತಾಗಿಸಬೇಕು. ಅನ್ನವನ್ನು ಅದ್ದಿದರೆ ಅದು ಸಾಸ್ ಕುಡಿದು ತಟ್ಟೆಯಲ್ಲೇ ಬಿಚ್ಚಿಕೊಳ್ಳುತ್ತದೆ. ಗುಲಾಬಿ ಬಣ್ಣದ ಶುಂಠಿ ಒಂದು ತುಂಡಿಗೂ ಇನ್ನೊಂದಕ್ಕೂ ನಡುವೆ ಬಾಯಿ ತೊಳೆಯಲಿಕ್ಕೆ, ಮೇಲೆ ಹೊದೆಸಲಿಕ್ಕಲ್ಲ. ಹಸಿರು ಉಂಡೆ ವಾಸಾಬಿ ಅಂತ ಕರೆಸಿಕೊಂಡರೂ ಬಹುಪಾಲು ಕಡೆ ಅದು ಹಾರ್ಸ್‌ರ್‍ಯಾಡಿಶ್ ಎಂಬ ಗೆಡ್ಡೆ, ಸಾಸಿವೆ, ಬಣ್ಣ. ಅಮ್ಮನಿಗೆ ಕಡ್ಡಿ ಹಿಡಿಯಲು ಬರದಿದ್ದರೆ ಚಿಂತೆ ಬೇಡ. ಸುಶಿಯನ್ನು ಜಪಾನಿನಲ್ಲೂ ಕೈಯಲ್ಲಿ ತಿನ್ನುತ್ತಾರೆ. ಥಾಯ್ ಜನ ಅನ್ನ ತಿನ್ನುವುದು ಚಮಚದಲ್ಲಿ, ಎಡಗೈಯ ಫೋರ್ಕ್ ಬರೀ ತಳ್ಳಲಿಕ್ಕೆ.

ಇನ್ನು ಮೆನುವಿನ ಕೊನೆಯಲ್ಲಿ ಫ್ಯೂಷನ್ ಸ್ಪೆಷಲ್ ಅಂತ ಒಂದು ಪುಟ ಇರುತ್ತದೆ. ಅಲ್ಲಿ ಸ್ವಲ್ಪ ಹುಷಾರು. ಗ್ರೀನ್ ಕರಿ ಉದೊನ್ ಇದ್ದರೆ ತರಿಸಿ. ಉದೊನ್ ದಪ್ಪ, ಸಪ್ಪೆ, ಮೆತ್ತಗೆ. ಖಾರದ ತೆಂಗಿನಹಾಲನ್ನು ಚೆನ್ನಾಗಿ ಹೊತ್ತು ತರುತ್ತದೆ. ಪಾಡ್ ಥಾಯ್ ಸಾಸ್ ಸುರಿದ ಸುಶಿ ರೋಲ್ ಬೇಡ. ಸುಶಿ ಅನ್ನದಲ್ಲಿ ಆಗಲೇ ವಿನಿಗರ್ ಸಕ್ಕರೆ ಇರುತ್ತದೆ, ಮೇಲೆ ಹುಣಸೆ ಬೆಲ್ಲ ಬಿದ್ದರೆ ಎರಡು ಹುಳಿ, ಎರಡು ಸಿಹಿ ಜಗಳಕ್ಕೆ ನಿಲ್ಲುತ್ತವೆ. ಒಂದು ಕಡೆ ಸಪ್ಪೆ, ಇನ್ನೊಂದು ಕಡೆ ಜೋರು ಇದ್ದರೆ ಬೆರಕೆ ಗೆಲ್ಲುತ್ತದೆ. ಮುದ್ದೆಗೆ ಸೊಪ್ಪಿನ ಸಾರು ಹೊಂದುವ ಹಾಗೆ.

ಬೆರಕೆ ಅಂತ ಕೀಳಾಗಿ ನೋಡುತ್ತಿಲ್ಲ. ಮಗಳು ಕೇಳುವ ಸ್ಪೈಸಿ ಮೇಯೊ ನೋಡಿ. ಮೇಯನೇಸ್ ಜಪಾನಿನ ಶೈಲಿಯದು, ಅಲ್ಲಿ ಕ್ಯೂಪಿ ಕಂಪನಿ 1925ರಲ್ಲಿ ಶುರುಮಾಡಿದ್ದು. ಅದಕ್ಕೆ ಬೆರೆಸುವ ಸಿರಾಚಾ ಸಾಸಿನ ಹೆಸರು ಥಾಯ್ಲೆಂಡಿನ ಒಂದು ಕರಾವಳಿ ಊರಿನದು. ಹುಂಜದ ಚಿತ್ರದ ಬಾಟಲಿಯನ್ನು ಮಾರುಕಟ್ಟೆಗೆ ತಂದವರು ವಿಯೆಟ್ನಾಮಿನಿಂದ ಬಂದು 1980ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಕಂಪನಿ ಕಟ್ಟಿದ ಡೇವಿಡ್ ಟ್ರಾನ್. ಮೆನು ಬರೆಯುವವರು ಯಾರೂ ಈ ಸ್ಪೈಸಿ ಮೇಯೊವನ್ನು ಫ್ಯೂಷನ್ ಅನ್ನುವುದಿಲ್ಲ. ಅಂದಹಾಗೆ ಅದರಲ್ಲಿ ಮೊಟ್ಟೆ ಇದೆ, ಅಮ್ಮನಿಗಲ್ಲ.

ಹಿಂದಕ್ಕೆ ಹೋದರೆ ಇನ್ನೂ ಮಜಾ ಇದೆ. 1543ರಲ್ಲಿ ಜಪಾನಿಗೆ ಬಂದ ಪೋರ್ಚುಗೀಸರಿಂದ ಹಿಟ್ಟಿನಲ್ಲಿ ಅದ್ದಿ ಕರಿಯುವುದು ಕಲಿತು ತೆಂಪುರ ಆಯಿತು. ಥಾಯ್ಲೆಂಡಿಗೆ ಮೆಣಸಿನಕಾಯಿ ಬಂದದ್ದೂ ಅದೇ ಪೋರ್ಚುಗೀಸರ ಕಾಲದಲ್ಲಿ, ನಮಗೆ ಬಂದ ಹಾಗೆಯೇ. ಅವರ ಮೊಟ್ಟೆ ಎಳೆಯ ಸಿಹಿ ಎರಡೂ ದೇಶದಲ್ಲಿ ಉಳಿಯಿತು. ಥಾಯ್ಲೆಂಡಿನಲ್ಲಿ ಫೊಯ್ ಥಾಂಗ್, ಜಪಾನಿನ ಫುಕುವೊಕಾದಲ್ಲಿ ಕೇರಾನ್ ಸೋಮೆನ್. 17ನೇ ಶತಮಾನದಲ್ಲಿ ಥಾಯ್ ರಾಜಧಾನಿಯಾಗಿದ್ದ ಅಯುತ್ಥಯಾದಲ್ಲಿ ಈ ಸಿಹಿಯನ್ನು ಹರಡಿದ್ದು ಮರಿಯಾ ಗ್ಯೊಮಾರ್ ಅಂತ ಥಾಯ್ ಜನ ಹೇಳುತ್ತಾರೆ. ಆಕೆಯ ಮೈಯಲ್ಲಿ ಜಪಾನೀ ರಕ್ತವೂ ಇತ್ತು, ಪೋರ್ಚುಗೀಸ್ ರಕ್ತವೂ ಇತ್ತು, ಬಂಗಾಳದ್ದೂ ಇತ್ತು.

ನಿಮ್ಮ ಹೋಟೆಲಿನಲ್ಲಿ ಅದು ಸಿಗುವುದು ಅನುಮಾನ. ಕೊನೆಗೆ ಮಾವಿನಹಣ್ಣು ಅಂಟನ್ನ ತರಿಸಿ. ತೆಂಗಿನಹಾಲು, ಸಕ್ಕರೆ, ಚಿಟಿಕೆ ಉಪ್ಪು. ಇದರ ಉಪ್ಪು ನಿಜವಾಗಿಯೂ ಡಬ್ಬಿಯದೇ. ಅಮ್ಮನ ಮುಂದೆ ಇಡಿ, ಮೇಣದಬತ್ತಿ ಮಾತ್ರ ಮಗಳ ಕಡೆ ಇರಲಿ.

ಉಳಿದ ಸುಶಿ ಪ್ಯಾಕ್ ಮಾಡಿಸಬೇಡಿ. ಫ್ರಿಜ್ಜಿನಲ್ಲಿ ಅನ್ನ ಕಲ್ಲಾಗುತ್ತದೆ, ಮೀನನ್ನೂ ನಂಬುವ ಹಾಗಿಲ್ಲ. ಚೂ ಚೀ ಉಳಿದರೆ ಮಾತ್ರ ಬಿಡಬೇಡಿ. ಭಾನುವಾರ ಬೆಳಗ್ಗೆ ಕುದಿಸಿ ಯಜಮಾನರಿಗೆ ನೀರುದೋಸೆಯ ಜೊತೆ ಹಾಕಿ. ನನ್ನ ಜೊತೆ ಕೆಲಸ ಮಾಡಿದ ಥಾಯ್ ಅಡುಗೆಯವರಿಗೆ ನಾನು ಇದನ್ನು ಇವತ್ತಿಗೂ ಹೇಳಿಲ್ಲ.